ಎಸ್‌ಟಿಪಿ ಮೇಲ್ವಿಚಾರಣೆ: ಬೆಳಗಿನ ಹೊತ್ತು ಕ್ಲಾರಿಫೈಯರ್‌ನಲ್ಲಿ ಕೆಸರು ತೇಲುತ್ತಿದೆ, ಎಲ್ಲಿಂದ ಹುಡುಕಬೇಕು? (ವೇದಿಕೆಯ ಚರ್ಚೆ; ಬರೆದವರ ಅಡ್ಡಹೆಸರು ಪ್ರತಿ ಬರಹದ ಮೇಲಿದೆ)

ಪಂಪ್‌ಮನೆ

ಬೆಂಗಳೂರು ಪೂರ್ವದ ಒಂದು ಅಪಾರ್ಟ್‌ಮೆಂಟ್. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸಾಮರ್ಥ್ಯ 150 ಕೆಎಲ್‌ಡಿ (ದಿನಕ್ಕೆ ಇಷ್ಟು ಸಾವಿರ ಲೀಟರ್), ಎಕ್ಸ್‌ಟೆಂಡೆಡ್ ಏರೇಷನ್ ಪದ್ಧತಿ, ಅಂದರೆ ಹೆಚ್ಚು ಹೊತ್ತು ಗಾಳಿ ಕೊಟ್ಟು ಬ್ಯಾಕ್ಟೀರಿಯಾದಿಂದ ಶುದ್ಧ ಮಾಡೋದು. ದಿನಕ್ಕೆ ಬರ್ತಿರೋದು ಸುಮಾರು 110 ಕೆಎಲ್‌ಡಿ. ಏರೇಷನ್ ಟ್ಯಾಂಕ್ 120 ಘನ ಮೀಟರ್, ನೀರಿನ ಆಳ 4 ಮೀಟರ್. ಹಾಪರ್ (ಆಲಿಕೆಯಂಥ) ತಳದ ಕ್ಲಾರಿಫೈಯರ್, ಅಂದರೆ ಕೆಸರು ತಳಕ್ಕೆ ಕೂರೋ ಟ್ಯಾಂಕ್. ಕೂತ ಕೆಸರು ಏರೇಷನ್ ಟ್ಯಾಂಕಿಗೆ ವಾಪಸ್ ಬರೋದು ಏರ್‌ಲಿಫ್ಟ್‌ನಲ್ಲಿ (ಗಾಳಿ ಊದಿ ಕೆಸರು ಎತ್ತೋ ಪೈಪ್). ಆಮೇಲೆ ಮರಳು ಫಿಲ್ಟರ್, ಕಾರ್ಬನ್ ಫಿಲ್ಟರ್, ಹೈಪೋ (ಕ್ಲೋರಿನ್ ದ್ರಾವಣ). ನೀರು ಫ್ಲಶ್‌ಗೆ ಮತ್ತು ಗಿಡಗಳಿಗೆ ಹೋಗುತ್ತೆ. ಮೂರು ಶಿಫ್ಟ್, ಶಿಫ್ಟಿಗೆ ಒಬ್ಬ ಆಪರೇಟರ್.

ತೊಂದರೆ ಇದು. ಬೆಳಿಗ್ಗೆ ಐದೂವರೆ ಹೊತ್ತಿಗೆ ಕ್ಲಾರಿಫೈಯರ್ ಮೇಲೆ ಅಂಗೈ ಅಗಲದ ಕೆಸರಿನ ಹೆಂಟೆಗಳು ಏಳ್ತವೆ, ಒಂಬತ್ತರ ತನಕ ತೇಲ್ತವೆ. ಮರಳು ಫಿಲ್ಟರ್ ನಾಲ್ಕು ಗಂಟೆಗೊಮ್ಮೆ ಕಟ್ಟಿಕೊಳ್ಳುತ್ತೆ. ಒಂದು ಲೀಟರ್ ಜಾಡಿಯಲ್ಲಿ 30 ನಿಮಿಷಕ್ಕೆ ಕೆಸರು 850 ಮಿ.ಲೀ.ನಲ್ಲೇ ನಿಂತಿರುತ್ತೆ. ಹೊರಗಿನ ಲ್ಯಾಬ್ ವರದಿ ಪ್ರಕಾರ ಎಂಎಲ್‌ಎಸ್‌ಎಸ್ (ಏರೇಷನ್ ಟ್ಯಾಂಕಿನ ಒಂದು ಲೀಟರ್ ನೀರಿನಲ್ಲಿರೋ ಒಣ ಕೆಸರು, ಮಿ.ಗ್ರಾಂ.ನಲ್ಲಿ) 5600. ಹೊರಹೋಗುವ ನೀರಿನಲ್ಲಿ ಬಿಒಡಿ (ಕೊಳೆಯುವ ಕಲ್ಮಶದ ಅಳತೆ) 16, ಟಿಎಸ್‌ಎಸ್ (ಕರಗದ ಕಣಗಳು) 44, ಅಮೋನಿಯಾ ಸಾರಜನಕ 11, ಎಲ್ಲಾ ಲೀಟರಿಗೆ ಮಿ.ಗ್ರಾಂ. ಡಿಒ (ಏರೇಷನ್ ಟ್ಯಾಂಕಿನ ನೀರಲ್ಲಿ ಕರಗಿರೋ ಆಮ್ಲಜನಕ) ಬೆಳಿಗ್ಗೆ ಎಂಟಕ್ಕೆ 0.4, ಮಧ್ಯಾಹ್ನ 2.5.

ವಿದ್ಯುತ್ ಬಿಲ್ ಕಡಿಮೆ ಮಾಡೋಕೆ ಅಂತ ರಾತ್ರಿ 1ರಿಂದ 5ರವರೆಗೆ ಬ್ಲೋವರ್ (ಗಾಳಿ ಊದೋ ಯಂತ್ರ) ನಿಲ್ಲಿಸ್ತಾರೆ, ಇದು ಅಸೋಸಿಯೇಷನ್ ತೀರ್ಮಾನ. ಫಿಲ್ಟರ್ ಪ್ರೆಸ್ (ಹೆಚ್ಚಾದ ಕೆಸರು ಹಿಂಡಿ ಕೇಕ್ ಮಾಡೋ ಯಂತ್ರ) ಬಟ್ಟೆ ಹರಿದ ಮೇಲೆ ಪ್ರೆಸ್ ವಾರಕ್ಕೊಂದು ಬ್ಯಾಚ್ ಮಾತ್ರ ನಡೀತಿದೆ. ಸರ್ವಿಸ್‌ನವರು ಬಂದು ಬ್ಯಾಕ್ಟೀರಿಯಾ ಪುಡಿ ಹಾಕಿ ಅಂದರು. ಹಾಕೋ ಮುಂಚೆ ಇಲ್ಲಿ ಕೇಳೋಣ ಅನ್ನಿಸ್ತು.

ಲ್ಯಾಬ್ ಜಾಡಿ

ಪುಡಿ ಬೇಡ ಸರ್. ನಿಮ್ಮ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಕ್ಕೆ ಕೊರತೆ ಇಲ್ಲ, 5600 ಅಂದ್ರೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಮೊದಲು ತಿಳೀಬೇಕಾದ್ದು ಒಂದೇ. 850 ಬರ್ತಿರೋದು ಕೆಸರು ಕೆಟ್ಟಿರೋದಕ್ಕಾ, ಜಾಸ್ತಿ ಇರೋದಕ್ಕಾ? ಎರಡಕ್ಕೂ ಮದ್ದು ಬೇರೆ ಬೇರೆ. ಹೀಗೆ ಮಾಡಿ. ಅರ್ಧ ಲೀಟರ್ ಏರೇಷನ್ ಟ್ಯಾಂಕ್ ನೀರು, ಅರ್ಧ ಲೀಟರ್ ಕ್ಲಾರಿಫೈಯರ್ ದಾಟಿ ಬಂದ ತಿಳಿ ನೀರು (ಹೈಪೋ ಬೀಳುವ ಮುಂಚಿನದ್ದು) ಸೇರಿಸಿ ನಿಧಾನಕ್ಕೆ ಕಲಕಿ, 30 ನಿಮಿಷ ಬಿಡಿ. ಬಂದ ಅಳತೆಯನ್ನ ಎರಡರಿಂದ ಗುಣಿಸಿ. ಗುಣಿಸಿದ ಮೇಲೂ 850ರ ಹತ್ತಿರವೇ ಬಂದರೆ ದಾರದಂಥ ಬ್ಯಾಕ್ಟೀರಿಯಾ ಬೆಳೆದು ಕೆಸರು ಉಬ್ಬಿದೆ ಅಂತ ಅನುಮಾನ ಪಡಬೇಕು. 600ರ ಆಸುಪಾಸು ಬಂದರೆ ಕೆಸರು ಚೆನ್ನಾಗೇ ಇದೆ, ಕೂರೋಕೆ ಜಾಗ ಸಿಗ್ತಿಲ್ಲ ಅಷ್ಟೆ.

ಎರಡನೇ ಪರೀಕ್ಷೆ. ಅದೇ ಜಾಡಿಯನ್ನ 30 ನಿಮಿಷಕ್ಕೆ ಚೆಲ್ಲಬೇಡಿ, ಎರಡು ಗಂಟೆ ಬಿಡಿ. ಕೂತ ಕೆಸರು ಮತ್ತೆ ಮೇಲಕ್ಕೆ ಎದ್ದರೆ ಕಡ್ಡಿಯಿಂದ ಒಂದು ಸಲ ತಟ್ಟಿ ನೋಡಿ. ಗುಳ್ಳೆ ಬಿಟ್ಟು ಮತ್ತೆ ತಳಕ್ಕೆ ಇಳಿದರೆ ಅದು ಸಾರಜನಕದ ಗುಳ್ಳೆ. ನೈಟ್ರೇಟ್ ಇರುವ ನೀರಿನಲ್ಲಿ ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾ ನೈಟ್ರೇಟನ್ನೇ ಉಸಿರಾಡುತ್ತೆ, ಸಾರಜನಕ ಅನಿಲ ಬಿಡುತ್ತೆ, ಅದು ಕೆಸರನ್ನ ಎತ್ತುತ್ತೆ. ನೀವು ಹೇಳಿದ ಅಂಗೈ ಅಗಲದ ಹೆಂಟೆ ಇದರದ್ದೇ ಲಕ್ಷಣ. ಉಬ್ಬಿದ ಕೆಸರು ಹೆಂಟೆಯಾಗಿ ತೇಲಲ್ಲ, ಕಂಬಳಿ (ಕೂತ ಕೆಸರಿನ ಪದರ) ಇಡಿಯಾಗಿ ಮೇಲೇರಿ ವಿಯರ್ (ನೀರು ಹೊರಬೀಳೋ ಅಂಚು) ದಾಟಿ ಹೋಗುತ್ತೆ.

ಜಾಡಿಯ ವಿಷಯದಲ್ಲಿ ಆಪರೇಟರ್‌ಗಳಿಗೆ ಹೇಳಿಕೊಡಬೇಕಾದ್ದು: ದಿನಾ ಒಂದೇ ಹೊತ್ತು, ಒಂದೇ ಜಾಗದಿಂದ, ನೀರಿನ ಮೇಲ್ಮೈಯಿಂದ ಒಂದೆರಡು ಅಡಿ ಕೆಳಗಿನ ಸ್ಯಾಂಪಲ್. ಒಳಹರಿವು ಬೀಳುವ ಮೂಲೆ ಬೇಡ. ತೆಗೆದ ಹತ್ತು ನಿಮಿಷದೊಳಗೆ ಇಡಬೇಕು. ಬ್ಲೋವರ್ ಕಟ್ಟೆ ಮೇಲೆ ಇಟ್ಟರೆ ಅದುರುತ್ತೆ, ಬಿಸಿಲಿಗೆ ಇಟ್ಟರೆ ಗುಳ್ಳೆ ಏಳುತ್ತೆ. 100 ಮಿ.ಲೀ. ಕಿರಿದಾದ ಕೊಳವೆ ಬಳಸಿದರೆ ಗೋಡೆಗೆ ಅಂಟಿಕೊಂಡು ಸುಳ್ಳು ಅಳತೆ ಕೊಡುತ್ತೆ, ಲೀಟರ್ ಜಾಡಿಯೇ ಬೇಕು. 5ನೇ ನಿಮಿಷದ ಅಳತೆಯನ್ನೂ ಬರೆಸಿ. ಕೆಸರು ಹದಗೆಡೋದು 30ನೇ ನಿಮಿಷದ ಅಂಕಿಗಿಂತ ಮೊದಲು ಅಲ್ಲೇ ಗೊತ್ತಾಗೋದು.

ಗಾಳಿಗುಳ್ಳೆ

ಏರ್‌ಲಿಫ್ಟ್‌ಗೆ ಗಾಳಿ ಎಲ್ಲಿಂದ? ಬಹುಪಾಲು ಅಪಾರ್ಟ್‌ಮೆಂಟ್ ಪ್ಲಾಂಟ್‌ಗಳಲ್ಲಿ ಅದೇ ಬ್ಲೋವರ್ ಲೈನಿಂದಲೇ ಒಂದು ಕವಲು. ನಿಮ್ಮಲ್ಲೂ ಹಾಗೇ ಇದ್ದರೆ ರಾತ್ರಿ ಬ್ಲೋವರ್ ನಿಂತಾಗ ಕೆಸರು ವಾಪಸಾಗೋದೂ ನಿಲ್ಲುತ್ತೆ. ಆದರೆ ಈಕ್ವಲೈಸೇಷನ್ ಟ್ಯಾಂಕಿನ (ಒಳಬರುವ ನೀರು ಮೊದಲು ತುಂಬೋ ಟ್ಯಾಂಕ್) ಪಂಪ್ ಫ್ಲೋಟ್ (ನೀರಿನ ಮಟ್ಟದ ಸ್ವಿಚ್) ಮೇಲೆ ಓಡ್ತಾ ಇರುತ್ತೆ, ಕೆಸರು ಕ್ಲಾರಿಫೈಯರ್‌ಗೆ ಬಂದು ಬೀಳ್ತಾನೇ ಇರುತ್ತೆ. ನಾಲ್ಕು ಗಂಟೆ ಹಾಪರ್‌ನಲ್ಲಿ ಕೂತ ಕೆಸರು ಐದೂವರೆಗೆ ಎದ್ದು ಬರೋದರಲ್ಲಿ ಆಶ್ಚರ್ಯ ಇಲ್ಲ.

ಇನ್ನೊಂದು. ಬ್ಲೋವರ್ ನಿಂತ ಅರ್ಧ ಗಂಟೆಯೊಳಗೆ ಟ್ಯಾಂಕಿನ ಡಿಒ ಸೊನ್ನೆಗೆ ಬರುತ್ತೆ, 5600 ಇದ್ದಾಗ ಇನ್ನೂ ಬೇಗ. ಕೆಸರು ಡಿಫ್ಯೂಸರ್ (ತಳದಲ್ಲಿ ಗುಳ್ಳೆ ಬಿಡೋ ಭಾಗ) ಮೇಲೆ ಕೂರುತ್ತೆ. ಐದಕ್ಕೆ ಬ್ಲೋವರ್ ಹಾಕಿದ ಕೂಡಲೇ ಸ್ನಾನ, ಅಡುಗೆ, ಬಟ್ಟೆಯ ನೀರು ಒಟ್ಟಿಗೆ ಬರುತ್ತೆ. ಎಂಟಕ್ಕೆ 0.4 ಕಾಣೋದು ಅದಕ್ಕೇ. ಅಮೋನಿಯಾ 11ಕ್ಕೂ ಇದೇ ಕಾರಣ: ನೈಟ್ರಿಫಿಕೇಷನ್ (ಅಮೋನಿಯಾವನ್ನ ನೈಟ್ರೇಟ್ ಆಗಿಸೋದು) ಮಾಡುವ ಬ್ಯಾಕ್ಟೀರಿಯಾಕ್ಕೆ ಡಿಒ ಒಂದೂವರೆಯಿಂದ ಎರಡು ಸಿಗದಿದ್ದರೆ ಅವು ಕೆಲಸ ನಿಧಾನ ಮಾಡ್ತವೆ.

ಎರಡು ಅಳತೆ ಬೇಕು. ಒಂದು, ಬ್ಲೋವರ್ ಒತ್ತಡ. 4 ಮೀಟರ್ ನೀರಿಗೆ ಗೇಜ್ 0.42ರಿಂದ 0.45 ಕೆಜಿ/ಚ.ಸೆಂ.ಮೀ. ತೋರಿಸಬೇಕು. 0.5 ದಾಟಿದ್ದರೆ ಡಿಫ್ಯೂಸರ್ ಕಟ್ಟಿದೆ. ಟ್ಯಾಂಕಿನ ಒಂದೇ ಕಡೆ ನೀರು ಕುದಿಯುವ ಹಾಗೆ ದೊಡ್ಡ ಗುಳ್ಳೆ ಬಂದು ಒತ್ತಡ ಇಳಿದಿದ್ದರೆ ಮೆಂಬ್ರೇನ್ ಹರಿದಿದೆ ಅಥವಾ ಪೈಪ್ ಜಾಯಿಂಟ್ ಬಿಟ್ಟಿದೆ. ಎರಡು, ಏರ್‌ಲಿಫ್ಟ್ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತೆ ನೋಡಿ. ಕೆಸರಿನ ಹರಿವನ್ನ ಅಳೆಯದ ಪ್ಲಾಂಟ್‌ನಲ್ಲಿ ಮೇಲ್ವಿಚಾರಣೆ ಅನ್ನೋದೇ ಇರಲ್ಲ, ಬರೀ ಹಾಜರಿ ಇರುತ್ತೆ.

ಪಂಪ್‌ಮನೆ

ಎಲ್ಲಾ ಮಾಡಿಸಿದೆ.

ಅರ್ಧಕ್ಕರ್ಧ ಬೆರೆಸಿದ ಜಾಡಿ: 30 ನಿಮಿಷಕ್ಕೆ 300. ಅಂದರೆ 600.
ಎರಡು ಗಂಟೆ ಬಿಟ್ಟ ಜಾಡಿ: ಸುಮಾರು 70 ನಿಮಿಷಕ್ಕೆ ಎದ್ದಿತು, ತಟ್ಟಿದರೆ ಇಳೀತು.
ಬ್ಲೋವರ್ ಒತ್ತಡ 0.44. ಗುಳ್ಳೆ ಎಲ್ಲಾ ಕಡೆ ಸಮ.
ಏರ್‌ಲಿಫ್ಟ್ ಬಕೆಟ್: 40 ಸೆಕೆಂಡ್. ಗಾಳಿ ಅದೇ ಲೈನಿಂದ, ನೀವು ಹೇಳಿದ ಹಾಗೇ.
ಪ್ರೆಸ್ 24 ಇಂಚಿನದು, 15 ಪ್ಲೇಟ್.

ಕೆಸರು ಲೆಕ್ಕ

ಈಗ ಲೆಕ್ಕ ಹಾಕಬಹುದು. ಕಾಗದದ ಮೇಲೆ ಬರೆದು ಪ್ಲಾಂಟ್ ಗೋಡೆಗೆ ಅಂಟಿಸಿ, ಆಪರೇಟರ್‌ಗಳಿಗೂ ಗೊತ್ತಿರಲಿ.

ಟ್ಯಾಂಕಿನಲ್ಲಿರೋ ಒಣ ಕೆಸರು: 120 × 5.6 = 672 ಕೆಜಿ. ಬೇಕಾಗಿರೋದು 3500 ಎಂಎಲ್‌ಎಸ್‌ಎಸ್ ಅಂದುಕೊಂಡರೆ 420 ಕೆಜಿ. ಹೆಚ್ಚಾಗಿರೋದು 252.

ದಿನಾ ಹುಟ್ಟೋ ಕೆಸರು: 110 ಕೆಎಲ್‌ಡಿಗೆ ಒಳಬರುವ ಬಿಒಡಿ 250 ಹಿಡಿದರೆ ದಿನಕ್ಕೆ 27.5 ಕೆಜಿ ಬಿಒಡಿ. ಎಕ್ಸ್‌ಟೆಂಡೆಡ್ ಏರೇಷನ್‌ನಲ್ಲಿ ಕೆಜಿ ಬಿಒಡಿಗೆ 0.4 ಕೆಜಿ ಕೆಸರು ಅಂದರೆ ದಿನಕ್ಕೆ 11 ಕೆಜಿ, ವಾರಕ್ಕೆ 77.

ಪ್ರೆಸ್ ಹೊರಹಾಕೋದು: 24 ಇಂಚಿನ 15 ಪ್ಲೇಟಿಗೆ 14 ಕೋಣೆ. ಕೇಕ್ 30 ಮಿ.ಮೀ. ದಪ್ಪ ಇದ್ದು ಸರಿಯಾಗಿ ತುಂಬಿದರೆ ಒಟ್ಟು ಸುಮಾರು 0.12 ಘನ ಮೀಟರ್, ಅದರಲ್ಲಿ ಒಣ ಪದಾರ್ಥ 18 ಶೇಕಡಾ ಹಿಡಿದರೆ 22 ಕೆಜಿ. ವಾರಕ್ಕೊಂದು ಬ್ಯಾಚ್ ಅಂದರೆ ವಾರಕ್ಕೆ 22. ಉಳಿದ 55 ಕೆಜಿ ಪ್ರತಿ ವಾರ ಟ್ಯಾಂಕಿನಲ್ಲೇ ಸೇರ್ತಿದೆ, ಇಲ್ಲವೇ ನಿಮ್ಮ ಮರಳು ಫಿಲ್ಟರ್‌ಗೆ ಹೋಗ್ತಿದೆ. 252 ಕೆಜಿ ಸೇರೋಕೆ ನಾಲ್ಕೈದು ವಾರ ಸಾಕು. ಪ್ರೆಸ್ ಬಟ್ಟೆ ಹರಿದದ್ದು ಯಾವಾಗ ಅಂತ ಲಾಗ್‌ಬುಕ್ ತೆಗೆದು ನೋಡಿ, ತೊಂದರೆ ಶುರುವಾದ ದಿನಕ್ಕೆ ಹೊಂದುತ್ತೆ ಅನ್ನಿಸುತ್ತೆ.

ಏರ್‌ಲಿಫ್ಟ್ ಲೆಕ್ಕ: 40 ಸೆಕೆಂಡಿಗೆ 20 ಲೀಟರ್ ಅಂದರೆ ನಿಮಿಷಕ್ಕೆ 30, ದಿನಕ್ಕೆ 43 ಘನ ಮೀಟರ್. ಒಳಹರಿವಿನ 39 ಶೇಕಡಾ. ರಾತ್ರಿ ನಾಲ್ಕು ಗಂಟೆ ಅದೂ ಇಲ್ಲ. ನಿಮ್ಮ ಕೆಸರು ಹಾಪರ್‌ನಲ್ಲಿ ಗಟ್ಟಿಯಾಗೋದು ಹೆಚ್ಚೆಂದರೆ ಲೀಟರಿಗೆ 9 ಗ್ರಾಂ ತನಕ (600 ಮಿ.ಲೀ.ನಲ್ಲಿ 5.6 ಗ್ರಾಂ ಕೂರುತ್ತೆ, ಅಲ್ಲಿಂದ ಬಂದ ಅಂಕಿ). 5.6 ಗ್ರಾಂ ಒಳಗೆ ಬರ್ತಿದ್ದು 9ರಲ್ಲಿ ವಾಪಸ್ ಹೋಗಬೇಕಾದರೆ ಒಳಹರಿವಿನ ಒಂದೂವರೆ ಪಟ್ಟು ವಾಪಸ್ ಎಳೀಬೇಕು. ಅದು ಬಕೆಟ್ ಹತ್ತು ಸೆಕೆಂಡಿಗೆ ತುಂಬಿದ ಹಾಗೆ, ನಿಮ್ಮ ಏರ್‌ಲಿಫ್ಟ್‌ನಿಂದ ಆಗಲ್ಲ. ಅದೇ 3500ಕ್ಕೆ ಇಳಿಸಿದರೆ 60 ಶೇಕಡಾ ಸಾಕು, ಬಕೆಟ್ 25 ಸೆಕೆಂಡ್. ಅದು ಆಗುತ್ತೆ. ಏರ್‌ಲಿಫ್ಟ್ ರಿಪೇರಿಗಿಂತ ಮೊದಲು ಕೆಸರು ಕಡಿಮೆ ಮಾಡಿ ಅನ್ನೋದು ಇದಕ್ಕೇ.

ಮೂರು ವಾರದಲ್ಲಿ ಇಳಿಸೋದಾದರೆ ದಿನಕ್ಕೆ 12 ಕೆಜಿ ಹಳೇ ಬಾಕಿ, 11 ಕೆಜಿ ಹೊಸದು, ಒಟ್ಟು 23. ಲೀಟರಿಗೆ 9 ಗ್ರಾಂನ ಕೆಸರಾದರೆ ದಿನಕ್ಕೆ ಎರಡೂವರೆ ಘನ ಮೀಟರ್. ಪ್ರೆಸ್ ದಿನಾ ಒಂದು ಬ್ಯಾಚ್ ನಡೀಲೇಬೇಕು. ಬಾಕಿ ತೀರಿದ ಮೇಲೆ ಎರಡು ದಿನಕ್ಕೊಂದು. ಒಂದೇ ದಿನ ಟ್ಯಾಂಕರ್ ತರಿಸಿ ಅರ್ಧ ಟ್ಯಾಂಕ್ ಖಾಲಿ ಮಾಡೋ ಕೆಲಸ ಬೇಡ. ನೈಟ್ರಿಫಿಕೇಷನ್ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯೋವು, ಒಟ್ಟಿಗೆ ಎತ್ತಿದರೆ ಅಮೋನಿಯಾ ವಾರಗಟ್ಟಲೆ ಏರಿರುತ್ತೆ.

ಎರಡನೇ ಶಿಫ್ಟ್

ಲೆಕ್ಕ ಒಪ್ಪುತ್ತೇನೆ, 3500 ಒಪ್ಪಲ್ಲ. 150ಕ್ಕೆ ಕಟ್ಟಿದ ಟ್ಯಾಂಕಿಗೆ 110 ಬರ್ತಿದೆ. ಬೆಂಗಳೂರಿನ ನೀರಿನ ಉಷ್ಣತೆ ಚಳಿಗಾಲದಲ್ಲೂ 20 ಡಿಗ್ರಿಗಿಂತ ಕೆಳಗೆ ಇಳಿಯೋದು ಅಪರೂಪ. 420 ಕೆಜಿ ಇಟ್ಟು ದಿನಾ 11 ತೆಗೆದರೆ ಕೆಸರಿನ ವಯಸ್ಸು 38 ದಿನ ಆಗುತ್ತೆ. 20ರಿಂದ 30 ದಿನ ಸಾಕು. 38 ಆದರೆ ಕೆಸರು ಪುಡಿಯಾಗಿ ನೀರಿನ ಮೇಲೆ ಬೂದಿ ಬಣ್ಣದ ಪುಡಿ ತೇಲುತ್ತೆ, ನೀರು ಅಕ್ಕಿ ತೊಳೆದ ಹಾಗೆ ಕಾಣುತ್ತೆ, ಅದನ್ನ ಉಸಿರಾಡಿಸೋಕೆ ಸುಮ್ಮನೆ ಗಾಳಿ ಖರ್ಚು. 2700ರ ಆಸುಪಾಸು ಇಡಿ.

ಕೆಸರು ಲೆಕ್ಕ

ಸಮಂಜಸ. ಆದರೆ 3500 ತಲುಪಿದಾಗ ಒಂದು ವಾರ ನಿಂತು ಅಮೋನಿಯಾ ನೋಡಿ, ಆಮೇಲೆ ಇನ್ನೂ ಇಳಿಸಬೇಕು ಅನ್ನೋದು ನನ್ನ ವಾದ. ಒಳಬರುವ ಬಿಒಡಿ 250 ಅನ್ನೋದು ಅಂದಾಜು. ಅದನ್ನ ಒಂದು ಸಲ 24 ಗಂಟೆಯ ಕಾಂಪೊಸಿಟ್ (ಆಗಾಗ ತೆಗೆದು ಒಟ್ಟಿಗೆ ಬೆರೆಸಿದ) ಸ್ಯಾಂಪಲ್‌ನಲ್ಲಿ ಅಳೆಸದೆ ಕೆಸರಿನ ವಯಸ್ಸನ್ನ ಇಷ್ಟು ಖಚಿತವಾಗಿ ಹೇಳಕ್ಕಾಗಲ್ಲ.

ಹುಬ್ಳಿ ಮಂದಿ

ಪ್ರೆಸ್ ಬಗ್ಗೆ ನಾ ಹೇಳ್ತೀನ್ರಿ. ದಿನಾ ಬ್ಯಾಚ್ ಅಂತ ಬರದು ಕೊಟ್ರ ಆಗಂಗಿಲ್ಲ, ಪ್ರೆಸ್ ನಡಿಬೇಕಲ್ಲ.

ಕೆಸರು ಹೋಲ್ಡಿಂಗ್ ಟ್ಯಾಂಕಿಗೆ ಹಾಕಿ ಎರಡ್ ಮೂರ್ ತಾಸು ಗಾಳಿ ಬಂದ್ ಮಾಡ್ರಿ, ಮ್ಯಾಲಿನ ತಿಳಿ ನೀರು ಈಕ್ವಲೈಸೇಷನ್‌ಗೆ ವಾಪಸ್ ಬಿಡ್ರಿ. 9 ಗ್ರಾಂ ಇದ್ದದ್ದು 15 ಆಗ್ತದ, ಪ್ರೆಸ್ ಟೈಮ್ ಬಹಳ ಉಳೀತದ. ಪಾಲಿಮರ್ (ಕೆಸರು ಗಂಟು ಕಟ್ಟಿಸೂ ಪುಡಿ) ಹಿಂದಿನ ದಿನಾನೇ ಕರಗಿಸಿ ಇಡಬಾರದು, ಬಲಾ ಕಡಿಮಿ ಆಗ್ತದ. ನೂರು ಲೀಟರ್ ನೀರಿಗೆ 100 ಗ್ರಾಂ, ಸಣ್ಣಗ ಉದುರಿಸ್ಕೋತ, ನಿಧಾನ ಕಲಕ್ಕೋತ 45 ನಿಮಿಷ. ಮೀನಿನ ಕಣ್ಣಿನ ಗತೆ ಗಂಟು ಬಿದ್ರ ಆ ಪಾಲಿಮರ್ ದಂಡ. ಮೊದಲು ಒಂದು ಬೀಕರ್‌ನ್ಯಾಗ ನೋಡ್ರಿ: ಕೆಸರು ಗಂಟು ಕಟ್ಟಿ ನಡುವ ತಿಳಿ ನೀರು ಕಾಣಬೇಕು. ಜಾಸ್ತಿ ಹಾಕಿದ್ರ ಲೋಳಿ ಆಗಿ ಬಟ್ಟಿಗೆ ಅಂಟ್ತದ, ಕೇಕ್ ಬೀಳಂಗಿಲ್ಲ.

ಬಟ್ಟಿ ಹರಿಯೂದು ಬಹಳ ಸಲ ಪ್ಲೇಟ್ ಅಂಚಿನ್ಯಾಗ ಒಣಗಿದ ಕೆಸರು ಉಳದಾಗ. ಹಂಗೇ ಬಿಗದ್ರ ಅಲ್ಲೇ ಸೋರ್ತದ, ಸೋರ್ತದ ಅಂತ ಇನ್ನೂ ಬಿಗಿತಾರ, ಬಟ್ಟಿ ಕಡೀತದ. ಪ್ರತಿ ಬ್ಯಾಚ್ ಆದ ಮ್ಯಾಲೆ ಪ್ಲಾಸ್ಟಿಕ್ ಕೆರಕಲಿಂದ ಅಂಚು ಒರಸ್ರಿ, ಕಬ್ಬಿಣದ್ದು ಮುಟ್ಟಸಬ್ಯಾಡ್ರಿ. ವಾರಕ್ಕೊಮ್ಮೆ ಬಟ್ಟಿ ಬಿಚ್ಚಿ ಒತ್ತಡದ ನೀರಿಂದ ತೊಳಸ್ರಿ. ಒಂದು ಸೆಟ್ ಬಟ್ಟಿ ಸ್ಟೋರಿನ್ಯಾಗ ಯಾವಾಗ್ಲೂ ಇರಬೇಕು. ನಿಮ್ಮ ತ್ರಾಸು ಶುರು ಆಗಿದ್ದೇ ಆ ಒಂದು ಸೆಟ್ ಇಲ್ಲದ್ದಕ್ಕ.

ಎರಡನೇ ಶಿಫ್ಟ್

ಲಾಗ್‌ಬುಕ್ ಹೇಗೆ ಬರೆಸಬೇಕು ಅಂತ ಯಾರೂ ಹೇಳಿಲ್ಲ. ಮೇಲ್ವಿಚಾರಣೆ ಬಹುಪಾಲು ಅದೇ.

ಗಂಟೆಗೊಮ್ಮೆ ಮೂವತ್ತು ಅಂಕಿ ಬರೆಸಿದರೆ ಕುರ್ಚಿಯಲ್ಲೇ ಕೂತು ತುಂಬಿಸ್ತಾರೆ. ಆಪರೇಟರ್ ಒಬ್ಬನೇ ಇರ್ತಾನೆ, ಸ್ಕ್ರೀನ್ ಕಸ ತೆಗೀಬೇಕು, ಬ್ಯಾಕ್‌ವಾಶ್ ಮಾಡಬೇಕು, ಪ್ರೆಸ್ ನೋಡಬೇಕು. ಅದಕ್ಕೇ ಅಂಕಿ ಕಡಿಮೆ ಇರಲಿ, ಪ್ರತಿಯೊಂದನ್ನೂ ಇನ್ನೊಂದರಿಂದ ಪರೀಕ್ಷಿಸೋ ಹಾಗಿರಲಿ. ಶಿಫ್ಟಿಗೊಮ್ಮೆ: ಒಳಹರಿವು ಮತ್ತು ಹೊರಹರಿವಿನ ಮೀಟರ್, ಡಿಒ, ಬ್ಲೋವರ್ ಒತ್ತಡ ಮತ್ತು ಆಂಪಿಯರ್, ಬ್ಲೋವರ್ ಅವರ್ ಮೀಟರ್, ಮರಳು ಫಿಲ್ಟರ್‌ನ ಒಳ ಹೊರ ಒತ್ತಡ, ಉಳಿಕೆ ಕ್ಲೋರಿನ್. ದಿನಕ್ಕೊಮ್ಮೆ: ಜಾಡಿ, ಪಿಎಚ್, ಬಕೆಟ್ ಸೆಕೆಂಡು, ತೆಗೆದ ಕೆಸರು ಎಷ್ಟು ಲೀಟರ್ (ಹೋಲ್ಡಿಂಗ್ ಟ್ಯಾಂಕಿನ ಮಟ್ಟದಿಂದ), ಕೇಕ್ ಎಷ್ಟು ಚೀಲ, ವಿದ್ಯುತ್ ಯೂನಿಟ್.

ತಾಳೆ ನೋಡೋದು ಹೀಗೆ. ಏಳೂವರೆ ಎಚ್‌ಪಿ ಬ್ಲೋವರ್ ಗಂಟೆಗೆ ಸುಮಾರು 5 ಯೂನಿಟ್ ತಿನ್ನುತ್ತೆ. 24 ಗಂಟೆ ಓಡಿದೆ ಅಂತ ಬರೆದು ಬ್ಲೋವರ್ ಪ್ಯಾನೆಲ್ ಮೀಟರ್ 100 ಯೂನಿಟ್ ತೋರಿಸಿದರೆ ನಾಲ್ಕು ಗಂಟೆ ನಿಂತಿತ್ತು. ಹೊರಹರಿವು ಒಳಹರಿವಿಗಿಂತ ಹೆಚ್ಚಿದ್ದರೆ ಮೀಟರ್ ಕೆಟ್ಟಿದೆ ಅಥವಾ ಬ್ಯಾಕ್‌ವಾಶ್ ನೀರು ಎರಡು ಸಲ ಎಣಿಕೆ ಆಗ್ತಿದೆ. ಪ್ರತಿದಿನ ಪಿಎಚ್ 7.2 ಅಂತಲೇ ಇದ್ದರೆ ಬಫರ್‌ನಲ್ಲಿ ಮೀಟರ್ ಸರಿಮಾಡಿ ಎಷ್ಟು ದಿನ ಆಯ್ತು ಕೇಳಿ. ಬೈಯೋಕಲ್ಲ. ತಪ್ಪು ಅಂಕಿ ಬರೆದವನಿಗೆ ಹೆಚ್ಚಿನ ಪಾಲು ಅಳೆಯೋ ಸಾಧನವನ್ನೇ ಯಾರೂ ಕೊಟ್ಟಿರಲ್ಲ.

ಮತ್ತೆ ಪಂಪ್‌ಮನೆಯವರೇ, ನಿಮ್ಮ ಫೀಡ್ ಪಂಪ್ ಗಂಟೆಗೆ ಎಷ್ಟು ಘನ ಮೀಟರ್? 12 ಇದ್ದು ಫ್ಲೋಟ್ ಮೇಲೆ ಹಾಕಿ ತೆಗೆದು ಮಾಡ್ತಿದ್ದರೆ ಪ್ರತಿ ಸಲ ಕ್ಲಾರಿಫೈಯರ್ ಮೇಲೆ ದುಪ್ಪಟ್ಟಿಗೂ ಮೀರಿದ ಅಲೆ ಬೀಳುತ್ತೆ. 110ನ್ನ 22 ಗಂಟೆಗೆ ಹಂಚಿದರೆ ಗಂಟೆಗೆ 5. ಬೈಪಾಸ್ ವಾಲ್ವ್ ತೆರೆದು ಹೆಚ್ಚಿನದ್ದನ್ನ ಈಕ್ವಲೈಸೇಷನ್‌ಗೇ ವಾಪಸ್ ಬಿಡಿ, ಪಂಪ್ ಡೆಲಿವರಿಯನ್ನ ಹಿಚುಕಬೇಡಿ, ಕಸ ಸಿಕ್ಕಿಕೊಳ್ಳುತ್ತೆ.

ಕಡಲೂರು

ಮಂಗಳೂರು ಕಡೆ ಮಳೆಗಾಲಕ್ಕೆ ಇದನ್ನೇ ಇನ್ನೊಂದು ರೀತಿ ಮಾಡಬೇಕಾಗ್ತದೆ. ಮ್ಯಾನ್‌ಹೋಲ್ ಮುಚ್ಚಳದಿಂದ, ತಾರಸಿ ಪೈಪಿನಿಂದ ಮಳೆ ನೀರು ಸೇರಿ ಒಳಹರಿವು ಏರ್ತದೆ. ಮೋಡ ಕಟ್ಟಿದಾಗಲೇ ಈಕ್ವಲೈಸೇಷನ್ ಮಟ್ಟ ಇಳಿಸಿಟ್ಟುಕೊಳ್ಳಿ. ಆದರೂ ಕಂಬಳಿ ವಿಯರ್ ಹತ್ತಿರ ಬಂದರೆ ಅರ್ಧದಿಂದ ಮುಕ್ಕಾಲು ಗಂಟೆ ಏರೇಷನ್ ಗಾಳಿ ನಿಲ್ಲಿಸಿದರೆ ಕೆಸರು ಏರೇಷನ್ ಟ್ಯಾಂಕಿನಲ್ಲೇ ಕೂರ್ತದೆ, ತಿಳಿ ನೀರು ಮಾತ್ರ ದಾಟ್ತದೆ. ಕೆಸರನ್ನು ಕಳಕೊಳ್ಳುವುದಕ್ಕಿಂತ ಇದು ವಾಸಿ. ಏರ್‌ಲಿಫ್ಟ್‌ಗೆ ಮಾತ್ರ ಗಾಳಿ ಬಿಟ್ಟಿರಬೇಕು.

ಪಂಪ್‌ಮನೆ

ಫೀಡ್ ಪಂಪ್ 12ರದ್ದೇ. ಬೈಪಾಸ್ ಇದೆ, ಮುಚ್ಚಿತ್ತು, ತೆರೆಸಿದೆ. ಇನ್ನೊಂದು ಪ್ರಶ್ನೆ. ಈಕ್ವಲೈಸೇಷನ್ ಟ್ಯಾಂಕಿನ ತಳದಲ್ಲಿ ಎರಡಡಿ ಕೆಸರು, ಮರಳು ಕೂತಿದೆ. ಇಬ್ಬರನ್ನ ಇಳಿಸಿ ಅರ್ಧ ದಿನದಲ್ಲಿ ತೆಗೆಸಿಕೊಡ್ತೀವಿ ಅಂತ ಒಬ್ಬ ಗುತ್ತಿಗೆದಾರ ಹೇಳ್ತಿದ್ದಾನೆ.

ಗಾಳಿಗುಳ್ಳೆ

ಇಳಿಸಬೇಡಿ. ಮಾಸ್ಕ್ ಕೊಡ್ತೀವಿ, ಹಗ್ಗ ಕಟ್ತೀವಿ ಅಂದರೂ ಬೇಡ.

ಕೂತ ಕೆಸರಿನೊಳಗೆ ಹೈಡ್ರೋಜನ್ ಸಲ್ಫೈಡ್ ಸಿಕ್ಕಿಕೊಂಡಿರುತ್ತೆ. ಮೇಲೆ ಮೀಟರ್ ಹಿಡಿದಾಗ 5 ಪಿಪಿಎಂ ಇದ್ದದ್ದು ಒಬ್ಬ ಕಾಲಿಟ್ಟು ಕಲಕಿದ ಕೂಡಲೇ ನೂರಾರು ಆಗುತ್ತೆ. 100 ಪಿಪಿಎಂ ಹೊತ್ತಿಗೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ, ವಾಸನೆ ಹೋಯ್ತು, ಈಗ ಪರವಾಗಿಲ್ಲ ಅಂದುಕೊಳ್ತಾರೆ. 700 ದಾಟಿದರೆ ಕೆಲವೇ ಉಸಿರಿಗೆ ಬೀಳ್ತಾರೆ. ಬಟ್ಟೆ ಮಾಸ್ಕ್ ಇರಲಿ, ಕಾರ್ಟ್ರಿಜ್ ಮಾಸ್ಕೂ ಆಮ್ಲಜನಕ ಇಲ್ಲದ ಕಡೆ ಕೆಲಸಕ್ಕೆ ಬರಲ್ಲ. ಬಿದ್ದವನನ್ನ ಎತ್ತೋಕೆ ಹಾರಿದ ಎರಡನೆಯವನು, ಮೂರನೆಯವನು ಸಾಯೋದು ಹೀಗೇ.

ಕಾನೂನೂ ಸ್ಪಷ್ಟ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಜನರನ್ನ ಹಚ್ಚೋದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಚರಂಡಿ ಸಾವಿಗೆ ಪರಿಹಾರವನ್ನ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. ಎಸ್‌ಟಿಪಿ ಟ್ಯಾಂಕು ಬೇರೆ ಅಂತ ವಾದ ಮಾಡೋರಿಗೆ ಕಿವಿ ಕೊಡಬೇಡಿ, ಒಳಗಿನ ಗಾಳಿ ಒಂದೇ.

ಮಾಡಬೇಕಾದ್ದು: ಸಕ್ಕಿಂಗ್ ಮತ್ತು ಜೆಟ್ಟಿಂಗ್ ಎರಡೂ ಇರುವ ಗಾಡಿ ತರಿಸಿ. ಎಲ್ಲಾ ಮುಚ್ಚಳ ತೆಗೆದು, ಎಗ್ಸಾಸ್ಟ್ ಮತ್ತು ತಾಜಾ ಗಾಳಿಯ ಫ್ಯಾನ್ ಎರಡೂ ಹಾಕಿ, ಮೇಲಿಂದಲೇ ಜೆಟ್ ಹೊಡೆದು ಕೆಸರು ಸಡಿಲಿಸಿ ಮೇಲಿಂದಲೇ ಎಳೆಸಿ. ಬಾಯಿ ಹತ್ತಿರ ನಿಲ್ಲೋರ ಎದೆಗೆ ನಾಲ್ಕು ಅನಿಲದ ಮೀಟರ್ ಇರಲಿ. ಆಮ್ಲಜನಕ 19.5 ಶೇಕಡಾಕ್ಕಿಂತ ಕಡಿಮೆ, ಸಲ್ಫೈಡ್ 10 ಪಿಪಿಎಂಗಿಂತ ಹೆಚ್ಚು ತೋರಿಸಿದರೆ ಎಲ್ಲರೂ ಹೊರಗೆ. ಎರಡು ದಿನ ಹಿಡಿದರೆ ಹಿಡೀಲಿ. ತಳಮಹಡಿಯ ಪ್ಲಾಂಟ್ ಆಗಿದ್ದರೆ ಆ ದಿನ ಅಲ್ಲಿ ಕಾರು ತೊಳೆಯೋರು, ಸೆಕ್ಯುರಿಟಿಯವರು ಯಾರೂ ಇರಬಾರದು.

ಎರಡಡಿ ಕೂತಿದ್ದಕ್ಕೆ ಕಾರಣ ಅಲ್ಲಿನ ಕೋರ್ಸ್ ಬಬಲ್ (ದೊಡ್ಡ ಗುಳ್ಳೆಯ) ಗಾಳಿ ನಿಂತಿರೋದು. ಹೊಸದಾಗಿ ಹಾಕುವಾಗ ಮೇಲಿಂದಲೇ ಎತ್ತಬಹುದಾದ ಪೈಪಿಗೆ ಜೋಡಿಸಿ. ಸಬ್‌ಮರ್ಸಿಬಲ್ ಪಂಪಿಗೂ ಗೈಡ್ ಪೈಪ್, ಸರಪಳಿ ಇರಲಿ. ಟ್ಯಾಂಕಿಗೆ ಇಳಿಯೋ ಕಾರಣವನ್ನೇ ಒಂದೊಂದಾಗಿ ತೆಗೆದುಹಾಕೋದು ಮೇಲ್ವಿಚಾರಕನ ಕೆಲಸ.

ಹುಬ್ಳಿ ಮಂದಿ

ಇದಕ್ಕ ಅಸೋಸಿಯೇಷನ್ ದುಡ್ಡು ಕೊಡಂಗಿಲ್ಲ ಅಂದ್ರ ಮೇಲಿನ ಕಾಯ್ದೆ ಪ್ರಿಂಟ್ ತಗೊಂಡು ಮೀಟಿಂಗ್‌ನ್ಯಾಗ ಇಡ್ರಿ. ಜವಾಬ್ದಾರಿ ಗುತ್ತಿಗೆದಾರಂದು ಅಷ್ಟೇ ಅಲ್ಲ, ಕೆಲಸಾ ಕೊಟ್ಟವರದ್ದೂ ಅದ.

ಪಂಪ್‌ಮನೆ

ಗಾಡಿ ತರಿಸಿ ಮೇಲಿಂದಲೇ ತೆಗೆಸಿದ್ದಾಯ್ತು, ಯಾರೂ ಇಳಿದಿಲ್ಲ. ಬ್ಲೋವರ್ ಈಗ 24 ಗಂಟೆ. ಪ್ರೆಸ್ ದಿನಾ. ಎಂಎಲ್‌ಎಸ್‌ಎಸ್ 3700ಕ್ಕೆ ಬಂದಿದೆ, ಜಾಡಿ 390. ಹೆಂಟೆ ಬಹುಪಾಲು ನಿಂತಿದೆ. ಟಿಎಸ್‌ಎಸ್ 14, ಬಿಒಡಿ 7. ಆದರೆ ಎರಡು ಹೊಸ ವಿಷಯ: ಏರೇಷನ್ ಟ್ಯಾಂಕಿನ ಪಿಎಚ್ 7.0 ಇದ್ದದ್ದು 6.4ಕ್ಕೆ ಇಳಿದಿದೆ. ಅಮೋನಿಯಾ 11ರಿಂದ 6ಕ್ಕೆ ಬಂದು ಅಲ್ಲೇ ನಿಂತಿದೆ. ನಮ್ಮ ಕನ್ಸೆಂಟ್ ಪತ್ರದಲ್ಲಿ (ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ) ಮಿತಿ 5. ಡಿಒ 2.2 ಇದೆ, ಗಾಳಿ ಸಾಲದು ಅನ್ನೋ ಹಾಗಿಲ್ಲ.

ಲ್ಯಾಬ್ ಜಾಡಿ

ಕ್ಷಾರತೆ (ಪಿಎಚ್ ಇಳಿಯದ ಹಾಗೆ ಆಮ್ಲ ತಡೆಯೋ ಶಕ್ತಿ) ಮುಗೀತಿದೆ. ಒಳಬರುವ ನೀರಿನ ಕ್ಷಾರತೆ ಮತ್ತು ಒಟ್ಟು ಸಾರಜನಕ ಅಳೆಸಿ ಹೇಳಿ. ನೀವು ಕಾವೇರಿ ನೀರಿನವರಾ, ಬೋರ್‌ವೆಲ್‌ನವರಾ? ಬೋರ್‌ವೆಲ್ ನೀರಿನ ಕಟ್ಟಡಗಳಲ್ಲಿ ಈ ತೊಂದರೆ ಕಡಿಮೆ.

ಪಂಪ್‌ಮನೆ

ಬಹುತೇಕ ಕಾವೇರಿ. ಕ್ಷಾರತೆ 220, ಟಿಕೆಎನ್ (ಅಮೋನಿಯಾ ಮತ್ತು ಸಾವಯವ ಸಾರಜನಕ ಸೇರಿ) 40.

ಲ್ಯಾಬ್ ಜಾಡಿ

ಹಾಗಾದರೆ ನೋಡಿ. 40ರಲ್ಲಿ ಸುಮಾರು 7 ಕೆಸರಿನ ಜೊತೆ ಹೋಗುತ್ತೆ. ಉಳಿದ 33 ಪೂರ್ತಿ ನೈಟ್ರೇಟ್ ಆಗಬೇಕಾದರೆ ಪ್ರತಿ ಮಿ.ಗ್ರಾಂ.ಗೆ 7.14 ಕ್ಷಾರತೆ ಬೇಕು, ಒಟ್ಟು 236. ನಿಮ್ಮಲ್ಲಿರೋದು 220. ಕ್ಷಾರತೆ ಮುಗಿಯುತ್ತಾ ಪಿಎಚ್ ಇಳೀತು, ಪಿಎಚ್ ಇಳಿದ ಮೇಲೆ ಬ್ಯಾಕ್ಟೀರಿಯಾ ನಿಧಾನ ಆಯ್ತು, ಅಮೋನಿಯಾ 6ರಲ್ಲಿ ನಿಂತಿತು. ಇನ್ನೆಷ್ಟು ಗಾಳಿ ಕೊಟ್ಟರೂ ಇಳಿಯಲ್ಲ.

ಮೊದಲು ರಾತ್ರಿ ಗಾಳಿ ನಿಂತಾಗ ಒಂದಿಷ್ಟು ನೈಟ್ರೇಟ್ ಸಾರಜನಕವಾಗಿ ಹೋಗ್ತಿತ್ತು. ಆಗ ಪ್ರತಿ ಮಿ.ಗ್ರಾಂ.ಗೆ 3.57 ಕ್ಷಾರತೆ ವಾಪಸ್ ಸಿಗುತ್ತೆ. ಅದಕ್ಕೇ ಪಿಎಚ್ 7.0 ಇತ್ತು. ಅಂದರೆ ಗಾಳಿ ನಿಲ್ಲಿಸೋದು ಕೆಟ್ಟದ್ದಲ್ಲ, ಏರ್‌ಲಿಫ್ಟ್ ಜೊತೆಗೆ ಒಟ್ಟಿಗೆ ನಾಲ್ಕು ಗಂಟೆ ನಿಲ್ಲಿಸಿದ್ದು, ಅದೂ ಕೆಸರು ತುಂಬಿದ್ದಾಗ ನಿಲ್ಲಿಸಿದ್ದು ಕೆಟ್ಟದ್ದು.

ಗಾಳಿಗುಳ್ಳೆ

ಸರಿಯಾದ ಮಾತು. ಏರ್‌ಲಿಫ್ಟ್‌ಗೆ ಒಂದು ಎಚ್‌ಪಿಯ ಸಣ್ಣ ಬ್ಲೋವರ್ ಬೇರೆ ಹಾಕಿ, ಅಥವಾ ಕೆಸರು ಪಂಪ್ ಹಾಕಿ. ಆಮೇಲೆ ಮುಖ್ಯ ಬ್ಲೋವರ್‌ಗೆ ಟೈಮರ್: ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರ ನಡುವೆ ಮೂರು ಸಲ, ಪ್ರತಿ ಸಲ 40 ನಿಮಿಷ ನಿಲ್ಲಲಿ, ನಡುವೆ ಕಡಿಮೆ ಅಂದರೂ ಒಂದೂವರೆ ಗಂಟೆ ಓಡಲಿ. ಮಧ್ಯಾಹ್ನ ಎರಡರಿಂದ ಐದರ ನಡುವೆ ಇನ್ನೊಂದು ಸಲ. ಬೆಳಿಗ್ಗೆ ಐದರಿಂದ ಹನ್ನೊಂದು ಮುಟ್ಟಬೇಡಿ. ನಿಂತಾಗ ನೀರು ಪೈಪಿಗೆ ಹಿಮ್ಮೆಟ್ಟದ ಹಾಗೆ ನಾನ್ ರಿಟರ್ನ್ ವಾಲ್ವ್ ಸರಿ ಇದೆಯಾ ನೋಡಿ. ದಿನಕ್ಕೆ ಎರಡೂವರೆ ಗಂಟೆಗೂ ಹೆಚ್ಚು ವಿದ್ಯುತ್ ಉಳಿಯುತ್ತೆ, ಅಸೋಸಿಯೇಷನ್‌ಗೂ ಸಮಾಧಾನ.

ಕೆಸರು ಲೆಕ್ಕ

ಇದರಿಂದ ಅರ್ಧ ನೈಟ್ರೇಟ್ ಹೋದರೂ ವಾಪಸ್ ಸಿಗೋದು 59ರ ಹತ್ತಿರ. 220 ಮತ್ತು 59 ಸೇರಿಸಿ 236 ಕಳೆದರೆ ಉಳಿಯೋದು 43. ಹೊರಹೋಗುವ ನೀರಿನಲ್ಲಿ 80 ಆದರೂ ಇರಬೇಕು. ಕೊರತೆ 37, ದುಂಡಗೆ 40 ಹಿಡಿಯೋಣ. 110 ಕೆಎಲ್‌ಡಿಗೆ 4.4 ಕೆಜಿ, ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಲೆಕ್ಕದಲ್ಲಿ 4.7 ಕೆಜಿ ದಿನಕ್ಕೆ. 100 ಲೀಟರ್ ನೀರಿನಲ್ಲಿ ಕರಗಿಸಿ ಏರೇಷನ್ ಟ್ಯಾಂಕಿನ ಒಳಹರಿವಿನ ಜಾಗದಲ್ಲಿ ಡೋಸಿಂಗ್ ಪಂಪಿನಿಂದ 24 ಗಂಟೆ ಹನಿಸಿ. ಒಂದೇ ಸಲ ಚೀಲ ಸುರಿದರೆ ಪಿಎಚ್ ಏರಿ ಇಳಿದು ಬ್ಯಾಕ್ಟೀರಿಯಾಕ್ಕೆ ಇನ್ನೂ ತೊಂದರೆ. ಸುಣ್ಣ ಅಗ್ಗ, ಆದರೆ ಡಿಫ್ಯೂಸರ್ ಮೇಲೆ ಪದರ ಕಟ್ಟುತ್ತೆ, ಬೇಡ. ಟೈಮರ್ ಹಾಕಿ ಎರಡು ವಾರ ಕ್ಷಾರತೆ ಅಳೆದು ನೋಡಿ, ಸೋಡಾ ಆಶ್ ಆಮೇಲೆ ಕಡಿಮೆ ಮಾಡಬಹುದು.

ಪಂಪ್‌ಮನೆ

ಟೈಮರ್‌ಗೆ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೀನಿ. ಕಡೇ ಪ್ರಶ್ನೆ: ದಸರಾ ರಜೆಗೆ ಅರ್ಧ ಫ್ಲ್ಯಾಟ್ ಖಾಲಿ ಆಗುತ್ತೆ, 60 ಕೆಎಲ್‌ಡಿಗೆ ಇಳಿಯುತ್ತೆ. ಹೈಪೋ ಎಷ್ಟು ಇಡಬೇಕು, ಕೆಸರು ತೆಗೆಯೋದನ್ನ ನಿಲ್ಲಿಸಬೇಕಾ?

ಎರಡನೇ ಶಿಫ್ಟ್

ಹೈಪೋ ಲೆಕ್ಕ ಹರಿವಿನ ಮೇಲೆ. ಲೀಟರಿಗೆ 5 ಮಿ.ಗ್ರಾಂ. ಹಿಡಿದರೆ 100 ಕೆಎಲ್‌ಡಿಗೆ 500 ಗ್ರಾಂ ಕ್ಲೋರಿನ್, 10 ಶೇಕಡಾ ಹೈಪೋ ಆದರೆ 5 ಲೀಟರ್; 60ಕ್ಕೆ 3 ಲೀಟರ್. ಅಮೋನಿಯಾ 6 ಇರೋ ತನಕ ಕ್ಲೋರಿನ್ ಅದರ ಜೊತೆ ಸೇರಿಕೊಳ್ಳುತ್ತೆ, ಅರ್ಧ ಗಂಟೆ ಬಿಟ್ಟು ಉಳಿಕೆ ಅಳೆದೇ ಡೋಸ್ ತೀರ್ಮಾನ ಮಾಡಿ. ಹೈಪೋ ಕ್ಯಾನ್ ಬಿಸಿಲಲ್ಲಿ ಇದ್ದರೆ ಕೆಲವು ವಾರದಲ್ಲೇ ಬಲ ಗಣನೀಯವಾಗಿ ಇಳಿಯುತ್ತೆ, ಎರಡು ವಾರಕ್ಕಿಂತ ಹೆಚ್ಚು ದಾಸ್ತಾನು ಬೇಡ.

ಕೆಸರು ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ, ಮೂರು ನಾಲ್ಕು ದಿನಕ್ಕೊಂದು ಬ್ಯಾಚ್. ಫೀಡ್ ಬೈಪಾಸ್ ಇನ್ನಷ್ಟು ತೆರೆದು ಗಂಟೆಗೆ 2.7 ಘನ ಮೀಟರ್‌ಗೆ ಇಳಿಸಿ, ಹಗಲೂ ರಾತ್ರಿ ಒಂದೇ ಸಮ ಹೋಗಲಿ. ಡಿಒ 3 ದಾಟಿದರೆ ಟೈಮರ್‌ನಲ್ಲಿ ಹಗಲಿಗೆ ಇನ್ನೆರಡು ವಿರಾಮ ಸೇರಿಸಿ. ಜನ ವಾಪಸ್ ಬರೋ ಹಿಂದಿನ ದಿನವೇ ಮೊದಲಿನ ಟೈಮರ್‌ಗೆ ತನ್ನಿ, ಸೋಮವಾರ ಬೆಳಿಗ್ಗೆ ಅಲ್ಲ.